ಪರದೆ ಹಿಂದೆ ಒಂದೇ ಸ್ಪೀಕರ್ ಇಟ್ಟು ಜೋಡಿ ಆರಿಸಿದ್ದು

ಸ್ಟೀರಿಯೋ ಜೋಡಿ ಆರಿಸೋಕೆ ಒಂದೇ ಸ್ಪೀಕರ್ ಕೇಳಿದರೆ ಸಾಕು ಅಂದಾಗ ಗೆಳೆಯರು ಯಾರೂ ಒಪ್ಪಲಿಲ್ಲ. 'ಇಮೇಜಿಂಗ್, ಅಂದರೆ ಯಾವ ವಾದ್ಯ ಎಲ್ಲಿಂದ ಕೇಳುತ್ತೆ ಅನ್ನೋದು, ಹೇಗೆ ಗೊತ್ತಾಗುತ್ತೆ, ಸುಮ್ನೆ ದುಡ್ಡು ಕಳ್ಕೋತೀಯ' ಅಂದರು. ಈಗ ಒಂದೂವರೆ ವರ್ಷ ಆಯಿತು. ಆ ಜೋಡಿಯನ್ನು ಬದಲಿಸಬೇಕು ಅಂತ ಒಂದು ದಿನವೂ ಅನಿಸಿಲ್ಲ.

ಕಳ್ಕೊಂಡಿದ್ದು ಅದಕ್ಕೂ ಮೊದಲೇ. ನನ್ನ ಕೋಣೆ ಉದ್ದ 4.9 ಮೀಟರ್, ಅಗಲ 3.6 ಇರಬಹುದು. ಅದಕ್ಕೆ ಎಂಟಿಂಚಿನ ಎರಡೆರಡು ವೂಫರ್ (ತಗ್ಗು ಸ್ವರ ನುಡಿಸುವ ಭಾಗ) ಇರುವ, ಎದೆಮಟ್ಟದ ಜೋಡಿ ತಂದಿದ್ದೆ. ಶೋರೂಮಿನಲ್ಲಿ ಕೇಳಿದಾಗ ಮೈ ಜುಮ್ ಅಂದಿತ್ತು. ಮನೆಯಲ್ಲಿ ಪಿಯಾನೋದ ಎಡತುದಿಯ ಸ್ವರಗಳೆಲ್ಲ ಒಂದೇ ಗುಂಯ್ ಆಗಿಬಿಟ್ಟವು. ಕೇಬಲ್ ಬದಲಿಸಿದೆ, ಅದಕ್ಕೇ ಸ್ಪೀಕರ್ ಬೆಲೆಯ ಕಾಲುಭಾಗ ಹೋಯಿತು. ಇಂಪಿಡೆನ್ಸ್ (ಸ್ಪೀಕರ್ ಒಡ್ಡುವ ವಿದ್ಯುತ್ ತಡೆ) 3 ಓಮ್‌ವರೆಗೆ ಇಳಿಯುತ್ತೆ ಅಂತ ದೊಡ್ಡ ಆಂಪ್ಲಿಫೈಯರ್ ತಂದೆ. ಗುಂಯ್ ಅನ್ನೋದು ಹೋಗಲೇ ಇಲ್ಲ. ಕೊನೆಗೆ ಮಾರಿದಾಗ ಕೊಟ್ಟ ದುಡ್ಡಿನ ಅರ್ಧವೂ ವಾಪಸ್ ಬರಲಿಲ್ಲ.

ಎರಡನೇ ಸಲ ಮೂರು ಮಾಡೆಲ್‌ಗಳನ್ನು ಒಂದು ವಾರ ಮನೆಗೇ ತರಿಸಿಕೊಂಡೆ. ಠೇವಣಿ, ಸಾಗಾಟ ಎರಡೂ ನನ್ನದೇ. ಆ ಖರ್ಚು ನೋವು ಕೊಟ್ಟಿತು, ನಿಜ. ಆದರೆ ಮೊದಲ ಜೋಡಿಯಲ್ಲಿ ಹೋದ ದುಡ್ಡಿನ ಮುಂದೆ ಅದು ಹತ್ತರಲ್ಲೊಂದು ಪಾಲೂ ಅಲ್ಲ.

ಹಾರ್ಮನ್‌ನ (ಆಡಿಯೋ ಕಂಪನಿ) ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲೇ ತೋರಿಸಿದ್ದರು: ಸ್ಪೀಕರ್ ಕಣ್ಣಿಗೆ ಕಂಡಾಗ ಜನ ಕೊಡುವ ಅಂಕವೇ ಬೇರೆ, ಪರದೆ ಹಿಂದೆ ಇದ್ದಾಗ ಕೊಡುವ ಅಂಕವೇ ಬೇರೆ. ಮೋನೋದಲ್ಲಿ, ಅಂದರೆ ಒಂದೇ ಸ್ಪೀಕರಿನಲ್ಲಿ, ಕೇಳಿದರೆ ಸ್ಪೀಕರಿನ ದೋಷ ಬೇಗ ಸಿಕ್ಕಿಬೀಳುತ್ತೆ ಅನ್ನೋದೂ ಟೂಲ್ ಅವರ ಮಾತೇ. ನಾನು ಎರಡನ್ನೂ ಸೇರಿಸಿದೆ. ನೆಲಕ್ಕೆ ಟೇಪ್ ಅಂಟಿಸಿ ಒಂದು ಜಾಗ ಗುರುತು ಮಾಡಿದೆ. ಮೂರೂ ಮಾಡೆಲ್‌ಗಳಿಂದ ಒಂದೊಂದು ಸ್ಪೀಕರ್, ಸರದಿಯಂತೆ ಅದೇ ಜಾಗದಲ್ಲಿ. ಮುಂದೆ ತೆಳು ಬಟ್ಟೆಯ ಪರದೆ. ಯಾವ ಬಟ್ಟೆ ಅನ್ನೋದು ನನ್ನ ಹತ್ತಿರವೇ ಇರಲಿ, ನಾಲ್ಕು ಬಗೆ ಅಳೆದು ನೋಡಿದ ಮೇಲೆ ಸಿಕ್ಕಿದ್ದು. ಸ್ಪೀಕರ್ ಬದಲಿಸೋದು ತಮ್ಮನ ಕೆಲಸ. ಅವನು ಆಮೇಲೂ ಬಾಯಿ ಬಿಡುವ ಹಾಗಿಲ್ಲ.

ಪಿಂಕ್ ನಾಯ್ಸ್ (ತಗ್ಗಿನಿಂದ ಏರುವರೆಗಿನ ಸ್ವರಗಳೆಲ್ಲ ಬೆರೆತ ಪರೀಕ್ಷೆಯ ಸದ್ದು) ಹಾಕಿ ಮೂರೂ ಒಂದೇ ಜೋರಿಗೆ ಬರುವಂತೆ ಲೆವೆಲ್ ಸರಿಮಾಡಲೇಬೇಕು. ಮೊದಲ ದಿನ ಇದನ್ನು ಅಂದಾಜಲ್ಲಿ ಮಾಡಿ ಪೂರ್ತಿ ದಿನ ಹಾಳುಮಾಡಿಕೊಂಡೆ. ಸೆನ್ಸಿಟಿವಿಟಿ (ಅಷ್ಟೇ ಸಿಗ್ನಲ್‌ಗೆ ಎಷ್ಟು ಜೋರು ಅನ್ನೋದು) 90 ಡೆಸಿಬೆಲ್ (ಡಿಬಿ) ಇರುವುದು 86 ಇರುವುದಕ್ಕಿಂತ ಜೋರಾಗಿ ಕೇಳುತ್ತೆ, ಜೋರಾಗಿರೋದೇ ಚೆನ್ನಾಗಿದೆ ಅಂತ ಕಿವಿ ಹೇಳುತ್ತೆ. ಮರುದಿನ ಅರ್ಧ ಡಿಬಿ ಒಳಗೆ ತಂದ ಮೇಲೆ ನನ್ನ ತೀರ್ಪೇ ತಿರುಗಿತು.

ಕೇಳಿದ್ದು ಹೆಚ್ಚಾಗಿ ತಂಬೂರಿ, ಒಂಟಿ ಹೆಣ್ಣುದನಿ, ಚಪ್ಪಾಳೆ. ಪೂರ್ತಿ ಪಟ್ಟಿ ಕೊಡಲ್ಲ. ತಂಬೂರಿಯ ಒಂದು ಮೀಟು ಸಾಕು: ಒಂದು ಸ್ಪೀಕರಿನಲ್ಲಿ ತಂತಿಯ ಝೇಂಕಾರ ಬುರುಡೆಯಿಂದ ಬೇರೆಯಾಗಿ, ಮೇಲೆಲ್ಲೋ ತೇಲುತ್ತಿತ್ತು. ವೂಫರಿನಿಂದ ಟ್ವೀಟರಿಗೆ (ಏರು ಸ್ವರ ನುಡಿಸುವ ಭಾಗ) ದಾಟುವ ಕಡೆ ಹೊಲಿಗೆ ಬಿಟ್ಟಿದ್ದು ಕೇಳಿಸಿತು ಅಂತಲೇ ಹೇಳಬೇಕು. ಸ್ಟೀರಿಯೋದಲ್ಲಿ ಅದನ್ನೇ 'ಏನು ಗಾಳಿ, ಏನು ವಿಸ್ತಾರ' ಅಂತ ಹೊಗಳಿದ್ದೆವು. ಹನ್ನೆರಡು ಸುತ್ತಿನಲ್ಲಿ ಒಂಬತ್ತೋ ಹತ್ತೋ ಸಲ ಅದನ್ನೇ ಕೊನೆಗೆ ಹಾಕಿದ್ದೆ. ಪರದೆ ಸರಿಸಿದಾಗ ನೋಡಿದರೆ, ಮೂರರಲ್ಲಿ ಅದೇ ದುಬಾರಿ. ಗೆದ್ದಿದ್ದು ಆರೂವರೆ ಇಂಚಿನ ಎರಡು ವೂಫರ್‌ನದ್ದು. ಬೆಲೆ ದುಬಾರಿಯದರ ಹತ್ತಿರಹತ್ತಿರ ಮೂರನೇ ಒಂದು ಭಾಗ. ನನ್ನ ಕಿವಿ ಬಗ್ಗೆ ನನಗೆ ಹೆಮ್ಮೆ ಆಯಿತು, ಮುಚ್ಚಿಡಲ್ಲ.

ಬಾಸ್, ಅಂದರೆ ತಗ್ಗು ಸ್ವರ, ನೋಡಿ ಮಾತ್ರ ಈ ಪರೀಕ್ಷೆಯಲ್ಲಿ ಆರಿಸಲಿಲ್ಲ. ಆರ್‌ಇಡಬ್ಲ್ಯೂ ಅನ್ನೋ ಅಳತೆಯ ಸಾಫ್ಟ್‌ವೇರ್ ಹಾಕಿ ಅಳೆದರೆ, ಗ್ರಾಫಿನಲ್ಲಿ ಮೂರಕ್ಕೂ 35 ಹರ್ಟ್ಸ್ ಹತ್ತಿರ ಒಂದೇ ಗುಡ್ಡ. ಸೆಕೆಂಡಿಗೆ 343 ಮೀಟರ್ ಅನ್ನೋ ಶಬ್ದದ ವೇಗವನ್ನು ಕೋಣೆ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಅದೇ ಬರುತ್ತೆ ಅಲ್ವಾ? ಅಂದರೆ ಕೋಣೆಯದೇ ಗುಂಯ್. ಹಳೇ ಜೋಡಿಯನ್ನು ನಾನು ಅನ್ಯಾಯವಾಗಿ ಮಾರಿದ್ದೆ. ಆ ಆವರ್ತನದ ಅಲೆಯ ಉದ್ದ ಹತ್ತು ಮೀಟರ್ ಹತ್ತಿರ. ಗೋಡೆಗೆ ಹಾಕಿಸಿದ ಹತ್ತು ಸೆಂಟಿಮೀಟರ್ ದಪ್ಪದ ರಾಕ್‌ವೂಲ್ ಅದಕ್ಕೆ ಏನೂ ಮಾಡಲಿಲ್ಲ. ಕುರ್ಚಿ ಹಿಂಗೋಡೆಗೆ ಒರಗಿತ್ತು, ಅಲ್ಲಿಂದ 1.8 ಮೀಟರ್ ಮುಂದೆ ಎಳೆದೆ. ಏಳೆಂಟು ಡಿಬಿ ಇಳಿಯಿತು, ಒಂದು ಪೈಸೆ ಖರ್ಚಿಲ್ಲದೆ. ಸ್ಪೀಕರಿನ ಬೆನ್ನಲ್ಲಿರುವ ಪೋರ್ಟಿಗೆ (ಬಾಸ್ ಹೆಚ್ಚಿಸುವ ತೂತು) ಫೋಮ್ ತುರುಕಿಯೂ ನೋಡಿದೆ. ಗುಂಯ್ ಇನ್ನೂ ಸ್ವಲ್ಪ ತಗ್ಗಿತು, ಜೊತೆಗೆ ಡ್ರಮ್ಮಿನ ಗುದ್ದೂ ಸೊರಗಿತು, ತೆಗೆದುಬಿಟ್ಟೆ. ಕಾಂಕ್ರೀಟ್ ನೆಲದ ಮೇಲೆ ಸ್ಪೀಕರಿನ ಸ್ಪೈಕ್ (ಮೊನಚು ಕಾಲು) ಕೆಳಗೆ ಕಲ್ಲು ಇಟ್ಟಿದ್ದು ಮೀಟರಿಗೂ ಕಿವಿಗೂ ಗೊತ್ತಾಗಲಿಲ್ಲ.

ಎಲ್ಲರಿಗಿಂತ ಜಾಸ್ತಿ ವಾದ ಮಾಡಿದ ಗೆಳೆಯ ಆಮೇಲೆ ಅದೇ ಮೂರನ್ನು ತನ್ನ ದೊಡ್ಡ ಕೋಣೆಯಲ್ಲಿ ಹೀಗೇ ಕೇಳಿದ. ಮೊದಲೆರಡು ಅದಲುಬದಲಾದವು. ಕೊನೆಯದು ಅಲ್ಲೂ ಕೊನೆಯದೇ.