ಕನ್ನಡಿ ಮುಂದೆ ನಿಂತು ಟೋಪಿ ಮಾಡುವುದು

ಟೋಪಿ ಮಾಡಬೇಕೆಂದರೆ ಹೊಲಿಗೆ ಚೆನ್ನಾಗಿ ಬರಬೇಕು ಅಂತ ತುಂಬಾ ಜನ ಹೆದರುತ್ತಾರೆ. ನಿಜ ಹೇಳಬೇಕೆಂದರೆ ಫೆಲ್ಟ್ (ಉಣ್ಣೆ ಅಥವಾ ತುಪ್ಪಳದಿಂದ ನೇಯದೆ ಮಾಡಿದ ದಪ್ಪ ಬಟ್ಟೆ) ಟೋಪಿಯಲ್ಲಿ ಹೊಲಿಗೆ ಕೆಲಸ ಕಮ್ಮಿ. ಮುಕ್ಕಾಲು ಪಾಲು ಹಬೆಯ ಕೆಲಸ, ಉಳಿದದ್ದು ಕನ್ನಡಿಯದ್ದು. ಹೊಲಿಗೆ ಮೆಷಿನ್ ಮುಟ್ಟದೆಯೇ ನಾನು ಇಡೀ ಟೋಪಿ ಮುಗಿಸುತ್ತೇನೆ. ಅಗಲ ಅಂಚಿನ ಉಣ್ಣೆ ಟೋಪಿಯನ್ನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಅತಿ ಇಷ್ಟದ ಟೋಪಿ ಅದೇ.

ಮೊದಲು ತಲೆಯ ಅಳತೆ. ಟೇಪನ್ನು ಹಣೆಯ ಮಧ್ಯದಿಂದ, ಕಿವಿಗಳ ಸ್ವಲ್ಪ ಮೇಲೆ, ತಲೆಯ ಹಿಂದಿನ ಉಬ್ಬಿನ ಸುತ್ತ ತರಬೇಕು. ಕೆಳಗೆ ಒಂದು ಬೆರಳು ನುಸುಳುವಷ್ಟು ಸಡಿಲ ಇರಲಿ. ನನ್ನದು 57 ಸೆಂಟಿಮೀಟರ್. ಕೂದಲನ್ನು ಯಾವಾಗಲೂ ತುರುಬು ಕಟ್ಟುವವರು ತುರುಬು ಕಟ್ಟಿಕೊಂಡೇ ಅಳೆಯಬೇಕು, ಬಿಚ್ಚಿ ಅಳೆದರೆ ಆಮೇಲೆ ಟೋಪಿ ನೆತ್ತಿ ಮೇಲೇ ಕೂತುಬಿಡುತ್ತದೆ. ಇನ್ನೊಂದು ವಿಷಯ, ತಲೆ ಗುಂಡಗಿರುವುದಿಲ್ಲ, ಮುಂದಿನಿಂದ ಹಿಂದಕ್ಕೆ ಉದ್ದ. ಅಳತೆ ಒಂದೇ ಇದ್ದರೂ ಒಬ್ಬರ ಟೋಪಿ ಇನ್ನೊಬ್ಬರ ಹಣೆಯನ್ನು ಒತ್ತುವುದು ಇದಕ್ಕೇ.

ಟೋಪಿಯ ಫೆಲ್ಟನ್ನು ಬೇರೆ ಬಟ್ಟೆಯಂತೆ ಮೀಟರ್ ಲೆಕ್ಕದಲ್ಲಿ ತರುವುದಲ್ಲ, ಅದು ಆಗಲೇ ಟೋಪಿಯ ಒರಟು ಆಕಾರದಲ್ಲಿ ಬರುತ್ತದೆ. ಅದರಲ್ಲಿ ಎರಡು ಬಗೆ. ಕೋನ್ ಅಂದರೆ ಶಂಕುವಿನ ಹಾಗಿರುವುದು, ಚಿಕ್ಕ ಟೋಪಿಗೆ ಸಾಕು. ಕೇಪ್‌ಲೈನ್ ಅಂದರೆ ಆಗಲೇ ಅಗಲ ಅಂಚು ಇರುವುದು. ಉಣ್ಣೆಯ ಫೆಲ್ಟ್ ಅಗ್ಗ, ಆದರೆ ಕೊಂಚ ಹಠಮಾರಿ, ಎಳೆದಷ್ಟೂ ಹಿಂದೆ ಸರಿಯುತ್ತದೆ. ಮೊಲದ ತುಪ್ಪಳದ ಫೆಲ್ಟ್ ತೆಳ್ಳಗೆ, ನುಣ್ಣಗೆ, ಹೇಳಿದ ಹಾಗೆ ಕೇಳುತ್ತದೆ, ಮಳೆಗೂ ಬೇಗ ಕೆಡುವುದಿಲ್ಲ. ಕೈ ಪಳಗುವ ತನಕ ಉಣ್ಣೆಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಇನ್ನು ಹಬೆ. ಉಣ್ಣೆ ಕೂದಲಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿರುತ್ತವೆ. ಬಿಸಿ, ತೇವ, ತಿಕ್ಕಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ನೇಯ್ಗೆಯೇ ಇಲ್ಲದೆ ಬಟ್ಟೆಯಾಗುತ್ತದೆ, ಅದೇ ಫೆಲ್ಟ್. ಅದಕ್ಕೆ ಮತ್ತೆ ಬಿಸಿ ತೇವ ಕೊಟ್ಟರೆ ಮತ್ತೆ ಮೆತ್ತಗಾಗುತ್ತದೆ, ಒಣಗಿದಾಗ ಇದ್ದ ಆಕಾರದಲ್ಲೇ ನಿಲ್ಲುತ್ತದೆ. ಟೋಪಿ ಕೆಲಸವೆಲ್ಲ ಈ ಒಂದು ಗುಣದ ಮೇಲೆ ನಿಂತಿದೆ. ನಾನು ಮೊದಲು ಮರದ ಬ್ಲಾಕಿಗೆ, ಅಂದರೆ ತಲೆಯ ಆಕಾರದ ಅಚ್ಚಿಗೆ, ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತುತ್ತೇನೆ, ಇಲ್ಲದಿದ್ದರೆ ಬಣ್ಣ ಮರಕ್ಕೆ ಹತ್ತುತ್ತದೆ. ಆಮೇಲೆ ಫೆಲ್ಟನ್ನು ಕೆಟಲ್‌ನ ಹಬೆಗೆ ಹಿಡಿದು ತಿರುಗಿಸುತ್ತಾ ಹೋಗುತ್ತೇನೆ. ಮೊದಲು ಏನೂ ಆಗುವುದಿಲ್ಲ. ರಟ್ಟಿನಂತೆ ಗಟ್ಟಿಯಾಗಿದ್ದದ್ದು ಒಂದು ಘಳಿಗೆಯಲ್ಲಿ ಕೈಯಲ್ಲೇ ಸೋತು ಜೋತುಬೀಳುತ್ತದೆ, ಒದ್ದೆ ಉಣ್ಣೆಯ ವಾಸನೆ ಕೋಣೆಯೆಲ್ಲ ತುಂಬುತ್ತದೆ. ಆ ಕ್ಷಣಕ್ಕೇ ಕಾಯಬೇಕು. ತಡಮಾಡದೆ ಬ್ಲಾಕಿನ ಮೇಲೆ ಹಾಕಿ, ಎರಡೂ ಅಂಗೈಯಿಂದ ನೆತ್ತಿಯಿಂದ ಕೆಳಕ್ಕೆ ಎಳೆಯಬೇಕು, ಎದುರು ಬದುರು ಬದಿಗಳನ್ನು ಒಟ್ಟಿಗೇ, ಇಲ್ಲದಿದ್ದರೆ ಒಂದು ಕಡೆ ತೆಳ್ಳಗಾಗುತ್ತದೆ. ತಲೆಯ ಸುತ್ತಳತೆ ಬರುವಲ್ಲಿ ಗಟ್ಟಿ ದಾರ ಸುತ್ತಿ ಬಿಗಿದು, ಮತ್ತೆ ಹಬೆ, ಮತ್ತೆ ಎಳೆತ. ಕೈಗೆ ದಪ್ಪ ಗ್ಲೌಸ್ ಇರಲಿ, ಹಬೆ ಸುಟ್ಟರೆ ಬೊಬ್ಬೆ ಏಳುತ್ತದೆ. ಸುಕ್ಕೆಲ್ಲ ದಾರದ ಕೆಳಗೆ ಇಳಿದ ಮೇಲೆ ಗುಂಡುಪಿನ್ನು ಚುಚ್ಚಿ ಬಿಟ್ಟುಬಿಡುವುದು. ಪೂರ್ತಿ ಒಣಗಬೇಕು. ಮುಟ್ಟಿದರೆ ಒಣಗಿದಂತೆ ಅನಿಸುತ್ತದೆ, ಒಳಗೆ ತಂಪಿರುತ್ತದೆ. ನಾನು ಒಂದು ರಾತ್ರಿ ಹಾಗೇ ಬಿಡುತ್ತೇನೆ.

ಗಟ್ಟಿ ನಿಲ್ಲಲು ಒಳಗಡೆ ಬ್ರಷ್‌ನಿಂದ ಗಂಜಿಯಂಥದ್ದನ್ನು ಹಚ್ಚುತ್ತೇವೆ. ಹಳೆಯ ಪದ್ಧತಿಯಲ್ಲಿ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಈಗ ನೀರಿನಲ್ಲಿ ಕರಗುವವೂ ಸಿಗುತ್ತವೆ. ಅರಗು ಹಚ್ಚುವಾಗ ಕಿಟಕಿ ಎಲ್ಲ ತೆರೆದಿರಲಿ. ಈ ಕಸುಬಿನಲ್ಲಿ ಉಸಿರಾಡುವ ಗಾಳಿಯ ಬಗ್ಗೆ ಹುಷಾರಾಗಿರಲು ಕಾರಣವಿದೆ. ಹಿಂದೆ ಮೊಲದ ತುಪ್ಪಳ ಚೆನ್ನಾಗಿ ಹೆಣೆದುಕೊಳ್ಳಲಿ ಅಂತ ಪಾದರಸದ ನೈಟ್ರೇಟ್ ಬಳಿಯುತ್ತಿದ್ದರು. ಅದರ ಆವಿ ಕುಡಿದ ಕೆಲಸಗಾರರಿಗೆ ಕೈ ನಡುಕ, ಮಾತಿನ ತೊದಲು, ಮನಸ್ಸಿನ ಏರುಪೇರು ಶುರುವಾಗುತ್ತಿತ್ತು. ಅಮೆರಿಕದಲ್ಲಿ ಇದು ನಿಂತದ್ದು 1941ರಲ್ಲಿ, ಅಷ್ಟು ತಡವಾಗಿ! ಹಾಗಾಗಿ ತೀರಾ ಹಳೆಯ ಫೆಲ್ಟ್ ಟೋಪಿ ಸಿಕ್ಕಿದರೆ ನಾನು ಅದಕ್ಕೆ ಹಬೆ ಹಿಡಿಯುವುದಿಲ್ಲ, ಸುಮ್ನೆ ನೋಡಿ ಇಡುತ್ತೇನೆ.

ಅಂಚನ್ನು ಕತ್ತರಿಸುವ ಮೊದಲು ಕನ್ನಡಿ. ಮುಖ ಮಾತ್ರ ಕಾಣುವ ಕನ್ನಡಿ ಸಾಲದು, ನಿಂತರೆ ಕಾಲಿನವರೆಗೆ ಕಾಣಬೇಕು. ಟೋಪಿ ಮುಖಕ್ಕೆ ಒಪ್ಪಿದರೂ ಮೈಗೆ ಒಪ್ಪದೆ ಇರಬಹುದು. ಹಾಕಿಕೊಳ್ಳುವ ಉಡುಪಿನಲ್ಲೇ, ಚಪ್ಪಲಿ ಶೂ ಸಮೇತ ನಿಂತು ನೋಡುತ್ತೇನೆ. ಭುಜಕ್ಕಿಂತ ಅಗಲವಾದ ಅಂಚು ಕುಳ್ಳಗಿರುವ ನನ್ನಂಥವರನ್ನು ನುಂಗಿಬಿಡುತ್ತದೆ. ಕನ್ನಡಕ ಇರುವವರು ಮುಂದಿನ ಅಂಚು ಬಗ್ಗಿದಾಗ ಕನ್ನಡಕಕ್ಕೆ ತಾಗುತ್ತದೆಯೇ ನೋಡಿಕೊಳ್ಳಬೇಕು. ಸೀಮೆಸುಣ್ಣದಿಂದ ಗುರುತು ಮಾಡಿ, ಅಂದುಕೊಂಡದ್ದಕ್ಕಿಂತ ಕಮ್ಮಿ ಕತ್ತರಿಸಿ, ಮತ್ತೆ ಹಾಕಿ ನೋಡುತ್ತೇನೆ. ಮನೆಯವರಿಗೆ ಇದು ನೋಡಿ ನಗು. ನನಗೆ ಮಾತ್ರ ಇಡೀ ಕೆಲಸದಲ್ಲಿ ಖುಷಿ ಕೊಡುವ ಹೊತ್ತು ಇದೇ. ಬಲಗಡೆಗೆ ಒಂದು ಚೂರು ವಾಲಿಸಿದರೆ ಸಾಕು, ಅದೇ ಮುಖ ಬೇರೆ ಥರ ಕಾಣುತ್ತದೆ. ಎಡಗಡೆ ಅಂಚು ಮೇಲೆತ್ತಿ ಬಲಗಡೆ ಇಳಿಸಿದರೆ ಗಂಭೀರ ಟೋಪಿಗೂ ತುಂಟತನ ಬರುತ್ತದೆ, ಅಲ್ವಾ? ನೇರ ಕೂತ ಟೋಪಿ ನನಗೆ ಯಾಕೋ ಯೂನಿಫಾರ್ಮ್ ನೆನಪಿಸುತ್ತದೆ.

ಅಂಚಿನ ಅಗಲ ನಿಶ್ಚಯವಾದ ಮೇಲೆ ತುದಿಯಲ್ಲಿ ವೈರ್ ಇಟ್ಟು ಕಾಜಾ ಹೊಲಿಗೆ ಹಾಕಿ, ಮೇಲೆ ರಿಬ್ಬನ್ ಮುಚ್ಚುತ್ತೇನೆ. ಸೂಜಿ ಉದ್ದ, ತೆಳ್ಳಗಿರಲಿ, ಕಣ್ಣಿನ ಭಾಗ ದಪ್ಪಗಾಗಿರದ ಸೂಜಿ ಫೆಲ್ಟ್‌ನಲ್ಲಿ ಸರಾಗ ಜಾರುತ್ತದೆ. ಒಳಗಡೆ ಹಣೆಗೆ ತಾಗುವಲ್ಲಿ ಪೆಟರ್‌ಶಮ್ ರಿಬ್ಬನ್. ಮಾಮೂಲಿ ರಿಬ್ಬನ್ ನೇರವಾಗಿಯೇ ಇರುತ್ತದೆ, ಇದರ ಅಂಚು ಸಣ್ಣ ಸಣ್ಣ ಹಲ್ಲಿನಂತಿರುವುದರಿಂದ ಒದ್ದೆ ಮಾಡಿ ಇಸ್ತ್ರಿ ಪೆಟ್ಟಿಗೆಯಡಿ ಬಾಗಿಸಿಕೊಂಡು ಎಳೆದರೆ ಬಿಲ್ಲಿನಂತೆ ಬಳುಕುತ್ತದೆ. ತಲೆಯ ಅಳತೆಗೆ ಸ್ವಲ್ಪ ಸೇರಿಸಿ ಕತ್ತರಿಸಿ, ಜೋಡಣೆ ಹಿಂದೆ ಬರುವಂತೆ, ಹೊರಗೆ ಒಂದು ಎಳೆಯೂ ಕಾಣದಂತೆ ಚಿಕ್ಕ ಚಿಕ್ಕ ಹೊಲಿಗೆ. ಟೋಪಿ ಆಮೇಲೆ ಸಡಿಲವಾಗದೆ ಉಳಿಯುವುದು ಇದರಿಂದಲೇ.

ಅಲಂಕಾರಕ್ಕೆ ನಾನು ಕೋಳಿ, ಬಾತುಕೋಳಿ ಗರಿ ಮಾತ್ರ ಬಳಸುತ್ತೇನೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಟೋಪಿಯ ಗರಿಗಾಗಿ ಬೆಳ್ಳಕ್ಕಿಗಳನ್ನು ರಾಶಿ ರಾಶಿ ಕೊಂದರು. ಇದನ್ನು ವಿರೋಧಿಸಿ ಇಂಗ್ಲೆಂಡಿನಲ್ಲಿ ಎಮಿಲಿ ವಿಲಿಯಮ್ಸನ್ 1889ರಲ್ಲಿ ಹೆಂಗಸರ ಗುಂಪು ಕಟ್ಟಿದರು. ಇವತ್ತು ಅಲ್ಲಿನ ದೊಡ್ಡ ಪಕ್ಷಿ ಸಂರಕ್ಷಣಾ ಸಂಸ್ಥೆ ಬೆಳೆದದ್ದು ಅದರಿಂದಲೇ. ಗರಿ ಇಲ್ಲದೆಯೂ ಒಂದು ಗಂಟು, ಒಂದು ಮಡಿಕೆಯಲ್ಲಿ ಟೋಪಿ ಎದ್ದು ಕಾಣುತ್ತದೆ.

ಮಾಡುವುದು ಒಂದು, ಹಾಕುವುದು ಇನ್ನೊಂದು. ಮೊದಮೊದಲು ಹೊರಗೆ ಹೋದರೆ ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ ಅನಿಸುತ್ತದೆ, ಸ್ವಲ್ಪ ನೋಡುತ್ತಾರೆ ಕೂಡ. ನಾನು ಮನೆಯೊಳಗೇ ಹಾಕಿಕೊಂಡು ಕೆಲಸ ಮಾಡಿ ರೂಢಿ ಮಾಡಿಕೊಂಡೆ. ಟೋಪಿ ಮರೆತುಹೋದಾಗ ಅದು ಚೆನ್ನಾಗಿ ಕಾಣುತ್ತದೆ, ಪದೇ ಪದೇ ಮುಟ್ಟಿ ಸರಿಮಾಡುತ್ತಿದ್ದರೆ ಎರವಲು ತಂದಂತೆ ಕಾಣುತ್ತದೆ. ಗಾಳಿಗೆ ಹಾರಬಾರದೆಂದರೆ ಒಳಗೆ ತೆಳು ಎಲಾಸ್ಟಿಕ್ ಹೊಲಿದು ಕೂದಲಿನಡಿ ಹಿಂದಕ್ಕೆ ಇಳಿಸಿ. ತೆಗೆಯುವಾಗ ನೆತ್ತಿಯ ಮುಂಭಾಗವನ್ನು ಬೆರಳಿಂದ ಹಿಡಿದು ಎತ್ತಬೇಡಿ, ಹುಲ್ಲಿನ ಟೋಪಿ ಅಲ್ಲೇ ಸೀಳುತ್ತದೆ. ಪನಾಮ ಟೋಪಿಗಳಿಗೆ ಜಾಸ್ತಿ ಪೆಟ್ಟು ಬೀಳುವುದೂ ಅಲ್ಲೇ. ಅಂದ ಹಾಗೆ ಅವನ್ನು ನೇಯುವುದು ಪನಾಮದಲ್ಲಲ್ಲ, ಇಕ್ವೆಡಾರ್‌ನಲ್ಲಿ. ಕೆಳಗಿಡುವಾಗ ತಲೆಕೆಳಗಾಗಿಡಿ, ಅಂಚಿನ ಮೇಲೆ ಇಟ್ಟರೆ ಚಪ್ಪಟೆಯಾಗುತ್ತದೆ. ಮಳೆಯಲ್ಲಿ ನೆನೆದರೆ ಒಳಗಿನ ರಿಬ್ಬನ್ ಹೊರಗೆ ಮಡಚಿ ನೆರಳಿನಲ್ಲಿ ಒಣಗಿಸಿ, ಬಿಸಿಲು ಬೇಡ.

ಉಣ್ಣೆ ಟೋಪಿಯ ಇನ್ನೊಂದು ಅನುಕೂಲ, ಬೇಜಾರಾದರೆ ಬದಲಾಯಿಸಬಹುದು. ರಿಬ್ಬನ್, ವೈರ್ ಬಿಚ್ಚಿ, ಹಬೆ ಹಿಡಿದು, ಬೇರೆ ಬ್ಲಾಕಿಗೆ ಎಳೆಯುತ್ತೇನೆ. ಅಗಲ ಅಂಚನ್ನು ಕಿರಿದು ಮಾಡುವುದು ಸುಲಭ, ಕಿರಿದನ್ನು ಅಗಲ ಮಾಡಲು ಬರುವುದಿಲ್ಲ. ಹಾಗಾಗಿ ಮೊದಲ ಸಲ ಕತ್ತರಿ ಹಿಡಿದಾಗ ಅಂಚನ್ನು ಎರಡು ಸೆಂಟಿಮೀಟರ್ ಜಾಸ್ತಿಯೇ ಬಿಡಿ.