ಓಣಿಗೊಂದು ನೀರಿನ ಪುಸ್ತಕ: ನಾವು ಹೇಗೆ ಶುರು ಮಾಡಿದೆವು, ನೀವು ಹೇಗೆ ಮಾಡಬಹುದು

ನಾನು ಬಳ್ಳಾರಿಯ ಕೌಲ್ ಬಜಾರ್ ಕಡೆಯವಳು. ಮನೆಯಲ್ಲೇ ಮಿಷನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟ್ ಹೊಲಿಯುತ್ತೇನೆ, ಪೀಸ್ ಲೆಕ್ಕದ ಕೆಲಸ. ನಮ್ಮ ಓಣಿಯಲ್ಲಿ 43 ಮನೆಗಳಿವೆ. ಐದು ವರ್ಷದ ಹಿಂದೆ ಅದರಲ್ಲಿ ಅರ್ಧ ಮನೆಯವರ ಹೆಸರೂ ನನಗೆ ಗೊತ್ತಿರಲಿಲ್ಲ. ಈಗ ಯಾರ ಮನೆಯ ನಳದಲ್ಲಿ ಒಂದು ಕೊಡ ತುಂಬಲು ಎಷ್ಟು ಸೆಕೆಂಡು ಹಿಡಿಯುತ್ತದೆ ಅಂತ ಹೇಳಬಲ್ಲೆ. ಇದೆಲ್ಲ ಇರುವುದು ನಮ್ಮ ನೀರಿನ ಪುಸ್ತಕದಲ್ಲಿ, ಅಂದರೆ ಪ್ರತಿ ಸಲ ನೀರು ಬಂದಾಗ ಬರೆದಿಡುವ ಒಂದು ನೋಟ್‌ಬುಕ್ಕಿನಲ್ಲಿ. ನಡುವೆ ಏನು ಮಾಡಿದೆವು, ಎಲ್ಲಿ ಎಡವಿದೆವು ಅಂತ ಬರೆಯುತ್ತಿದ್ದೇನೆ. ರಾಯಚೂರು, ಕೊಪ್ಪಳ, ಸಿರುಗುಪ್ಪ, ನೀವು ಎಲ್ಲೇ ಇದ್ದರೂ ನಿಮ್ಮ ಓಣಿಗೆ ಉಪಯೋಗ ಆಗಬಹುದು.

ಮೀಟಿಂಗ್ ಆಮೇಲೆ, ಮೊದಲು ಬಾಗಿಲು ತಟ್ಟಿ

ನಾನು ಮೊದಲೇ ಮೀಟಿಂಗ್ ಕರೆದೆ. ಮಕ್ಕಳ ಕೈಯಲ್ಲಿ ಚೀಟಿ ಬರೆಸಿ ಮನೆಮನೆಗೆ ಹಂಚಿದೆ. ಬಂದವರು ಐದೇ ಜನ. ನನಗೆ ತುಂಬಾ ಬೇಜಾರಾಯಿತು. ಆದರೆ ತಪ್ಪು ಅವರದಲ್ಲ. ಚೀಟಿಯಲ್ಲಿ ಇದ್ದದ್ದು ನನ್ನ ತಲೆಯಲ್ಲಿದ್ದ ಸಮಸ್ಯೆ. ಅವರವರ ಮನೆಯ ಕಷ್ಟ ಏನು ಅಂತ ನಾನು ಕೇಳಿಯೇ ಇರಲಿಲ್ಲ.

ಆಮೇಲೆ ಒಂಬತ್ತು ಸಂಜೆ ಮನೆಮನೆ ತಿರುಗಿದೆ. ದಿನಕ್ಕೆ ನಾಲ್ಕೈದು ಮನೆ, ಅಷ್ಟೇ. ಕೇಳಿದ್ದು ಒಂದೇ ಪ್ರಶ್ನೆ: "ಈ ಓಣಿಯಲ್ಲಿ ನಿಮಗೆ ದಿನಾ ಕಾಡೋದು ಏನು?" ಕೇಳಿದ ಮೇಲೆ ಸುಮ್ನೆ ಕೂತುಕೊಳ್ಳಬೇಕು. ನೀರಾ, ಚರಂಡಿಯಾ ಅಂತ ನೀವೇ ಎತ್ತಿಕೊಟ್ಟರೆ ಅವರು "ಹೂಂ, ಅದೇ" ಅಂದುಬಿಡುತ್ತಾರೆ. ಸ್ವಲ್ಪ ಹೊತ್ತು ಕಾದರೆ ನಿಜವಾದ ಮಾತು ಬರುತ್ತದೆ. ಕೊನೆಯ ಮನೆಯ ಅಜ್ಜಿ ನೀರಿನ ಬಗ್ಗೆ ಹೇಳುತ್ತಾಳೆ ಅಂತ ನಾನು ಅಂದುಕೊಂಡಿದ್ದೆ. ಆಕೆ ಕೇಳಿದ್ದು ಲೈಟು. "ರಾತ್ರಿ ನೀರು ಬಿಡ್ತಾರವ್ವ, ಕತ್ತಲಾಗ ಕೊಡ ಹೊತ್ತು ಎರಡು ಸಲ ಬಿದ್ದೀನಿ" ಅಂದಳು. ಆಕೆಯ ಮನೆ ಮುಂದಿನ ಕಂಬದ ಲೈಟ್ ಎಷ್ಟೋ ತಿಂಗಳಿಂದ ಉರಿಯುತ್ತಿರಲಿಲ್ಲ.

ನಮ್ಮ ಕಡೆ ಇನ್ನೊಂದು ಮಾತು ನೆನಪಿಡಬೇಕು. ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ. ನನಗೆ ಉರ್ದು ಅರ್ಥ ಆಗುತ್ತದೆ, ಸರಿಯಾಗಿ ಮಾತಾಡಲು ಬರಲ್ಲ. ಅದಕ್ಕೆ ಎದುರುಮನೆ ಆಪಾ ಅವರನ್ನು ಜೊತೆಗೆ ಕರೆದುಕೊಂಡು ಹೋದೆ. ಅವರು ಇಲ್ಲದಿದ್ದರೆ ಹದಿನೈದು ಮನೆಗಳ ಮಾತು ನನಗೆ ಸಿಗುತ್ತಲೇ ಇರಲಿಲ್ಲ. ಮೊಹರಂನ ಅಲಾಯಿ ಹಬ್ಬದಲ್ಲಿ ಇಡೀ ಓಣಿ ಒಟ್ಟಿಗೆ ಹೆಜ್ಜೆ ಹಾಕುವ ಊರು ನಮ್ಮದು. ಸೇರುವುದು ಜನಕ್ಕೆ ಹೊಸದೇನಲ್ಲ, ಕರೆಯುವವರು ಬಾಗಿಲಿಗೆ ಬರಬೇಕು.

ಲೈಟಿನ ಕೆಲಸ ಬೇಗ ಆಯಿತು. ಬೀದಿ ದೀಪ ಪಾಲಿಕೆಯ ಅಥವಾ ನಗರಸಭೆಯ ಕೆಲಸ. ವೈರು, ಟ್ರಾನ್ಸ್‌ಫಾರ್ಮರ್ ನಮ್ಮ ಕಡೆಯ ಕರೆಂಟ್ ಕಂಪನಿ ಜೆಸ್ಕಾಂನದು, ಅದಕ್ಕೆ 1912ಕ್ಕೆ ಫೋನ್ ಮಾಡಬೇಕು. ಇದು ಗೊತ್ತಿಲ್ಲದೆ ಜನ ಒಂದು ಆಫೀಸಿನಿಂದ ಇನ್ನೊಂದಕ್ಕೆ ಅಲೆಯುತ್ತಾರೆ. ದೂರು ಕೊಡುವಾಗ ಕಂಬದ ಮೇಲೆ ಬರೆದಿರುವ ನಂಬರ್ ಹೇಳಿ. "ನಮ್ಮ ಮನೆ ಹತ್ತಿರದ ಕಂಬ" ಅಂದರೆ ಯಾರಿಗೂ ಸಿಗಲ್ಲ. ಲೈಟ್ ಹತ್ತಿದ ರಾತ್ರಿ ಅಜ್ಜಿ ಹೊರಗೆ ಬಂದು ಕಂಬದ ಕೆಳಗೆ ಸುಮಾರು ಹೊತ್ತು ನಿಂತಿದ್ದಳು. ಮುಂದಿನ ಮೀಟಿಂಗ್‌ಗೆ 26 ಮನೆಯವರು ಬಂದರು.

ಕೈಗೆ ಎಟಕುವುದನ್ನು ಮೊದಲು ಹಿಡಿಯಿರಿ

ಬಂದವರೆಲ್ಲ ನೀರಿನ ಬಗ್ಗೆಯೇ ಮಾತಾಡಿದರು. ತುಂಗಭದ್ರಾ ಜಲಾಶಯದ ನೀರು ಎಚ್‌ಎಲ್‌ಸಿ (ಮೇಲ್ಮಟ್ಟದ) ಕಾಲುವೆ ಹಿಡಿದು ಅಲ್ಲೀಪುರದ ಕೆರೆಗೆ ಬರುತ್ತದೆ, ಅಲ್ಲಿಂದ ಊರಿಗೆ. ಶುರುವಿನಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಮಾತ್ರ ನಿಲ್ಲುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಓಣಿಯಲ್ಲಿ ಎರಡು ದಿನ ಬೇರೆ ಮಾತೇ ಇರಲಿಲ್ಲ. ಆದರೆ ಹೂಳು ತೆಗೆಯುವುದು, ಗೇಟು ಕೂರಿಸುವುದು 43 ಮನೆಯ ಕೈಯಲ್ಲಿಲ್ಲ. ಮೊದಲ ಕೆಲಸವೇ ಕೈ ಮೀರಿದ್ದಾದರೆ ಜನ ಎರಡು ತಿಂಗಳಲ್ಲಿ ಸುಸ್ತಾಗಿ ಮನೆ ಸೇರುತ್ತಾರೆ. ಆರು ವಾರದೊಳಗೆ ಕಣ್ಣಿಗೆ ಕಾಣುವ ಬದಲಾವಣೆ ಆಗುವಂಥದ್ದನ್ನು ಹುಡುಕಿ. ನಮಗೆ ಸಿಕ್ಕಿದ್ದು ಡ್ರಮ್ಮು.

ನಮ್ಮಲ್ಲಿ ನೀರು ಎಂಟು ದಿನಕ್ಕೋ ಹತ್ತು ದಿನಕ್ಕೋ ಒಮ್ಮೆ ಬರುತ್ತಿತ್ತು. ಹಾಗಾಗಿ ಪ್ರತಿ ಮನೆಯಲ್ಲೂ ಎರಡು ಮೂರು ಡ್ರಮ್. ಆ ಮಳೆಗಾಲದಲ್ಲಿ ಓಣಿಯ ನಾಲ್ಕು ಮಕ್ಕಳಿಗೆ ಡೆಂಗ್ಯೂ ಆಗಿತ್ತು. ಒಂದು ಸಂಜೆ ನಾನು ನಮ್ಮದೇ ಡ್ರಮ್ಮಿನ ನೀರನ್ನು ಬಿಳಿ ಪಿಂಗಾಣಿ ಬಟ್ಟಲಿಗೆ ಹಾಕಿ ಕಟ್ಟೆ ಮೇಲೆ ಇಟ್ಟೆ. ಮೇಲಿಂದ ಟಾರ್ಚ್ ಬಿಟ್ಟೆ. ದಾರದ ತುಂಡಿನಂಥ ಹುಳಗಳು, ಸೊಳ್ಳೆಯ ಮರಿಗಳು, ತಲೆ ಕೆಳಗೆ ಮಾಡಿಕೊಂಡು ನೀರಿನ ಮೇಲ್ಪದರಕ್ಕೆ ಜೋತುಬಿದ್ದಿದ್ದವು. ಬಟ್ಟಲನ್ನು ಒಂದು ಸಲ ತಟ್ಟಿದ್ದೇ ತಡ, ಎಲ್ಲವೂ ಬಳುಕುತ್ತಾ ತಳಕ್ಕೆ ಇಳಿದವು. ಸ್ವಲ್ಪ ಹೊತ್ತಿಗೆ ಉಸಿರಿಗೆ ಮತ್ತೆ ಮೇಲೆ ಬಂದವು. ಮಕ್ಕಳು ಸುತ್ತ ಮುಗಿಬಿದ್ದು ನೋಡಿದರು. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಿಂದ ಬಟ್ಟಲು ತಂದರು. 20 ಮನೆಯ ನೀರಿನಲ್ಲಿ ಹುಳ ಇತ್ತು. ಯಾವ ಭಾಷಣವೂ ಬೇಕಾಗಲಿಲ್ಲ.

ಡೆಂಗ್ಯೂ ಸೊಳ್ಳೆ ಚರಂಡಿ ನೀರಿಗಿಂತ ಮನೆಯ ತಿಳಿ ನೀರನ್ನೇ ಇಷ್ಟಪಡುತ್ತದೆ, ಹಗಲಲ್ಲಿ ಕಚ್ಚುತ್ತದೆ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಡ್ರಮ್ಮಿನ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಸಾಕು. ನೋಡಿ, ನಮಗೆ ನೀರು ಬರುವ ಅಂತರವೂ ಅಷ್ಟೇ! ನೀರು ಚೆಲ್ಲಿದರೆ ಸಾಲದು, ಒಣಗಿದ ಡ್ರಮ್ಮಿನಲ್ಲೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ತೆಂಗಿನ ನಾರು ಹಾಕಿ ಒಳಗೋಡೆಯನ್ನು ಗಸಗಸ ಉಜ್ಜಬೇಕು. ನಾವು ಗುರುವಾರ ಅಂತ ಗೊತ್ತು ಮಾಡಿದೆವು. ಉಳಿದ ನೀರನ್ನು ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ತುಂಬಿಡುವುದು, ಡ್ರಮ್ ಉಜ್ಜುವುದು, ಮತ್ತೆ ತುಂಬಿ ಬಾಯಿ ಕಟ್ಟುವುದು. ಬಾಯಿ ಕಟ್ಟಲು ನಾನು ಜೀನ್ಸ್ ಬಟ್ಟೆಯ ತುಂಡುಗಳನ್ನು ಸೇರಿಸಿ, ಅಂಚಿಗೆ ಎಲಾಸ್ಟಿಕ್ ಹಾಕಿ 60 ಮುಚ್ಚಳ ಹೊಲಿದುಕೊಟ್ಟೆ. ಬಟ್ಟೆ ಬಿಗಿಯಾಗಿರಬೇಕು, ಜೋತುಬಿದ್ದು ನೀರಿಗೆ ತಾಗಬಾರದು.

ತುಂಡು ಬಟ್ಟೆ ಅಂದಾಗ ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಓಣಿಯ ಚರಂಡಿ ಕಟ್ಟಿಕೊಳ್ಳುತ್ತಿತ್ತು ಅಂತ ಎಲ್ಲರಿಗೂ ಸಿಟ್ಟು. ಒಂದು ಭಾನುವಾರ ಹುಡುಗರು ಕಲ್ಲು ಸರಿಸಿ, ಸಲಾಕೆ ಹಾಕಿ ಎಳೆದರು. ಬಂದದ್ದು ನೀಲಿ ಬಟ್ಟೆಯ ಹಗ್ಗ. ಮೊಳ, ಎರಡು ಮೊಳ, ಬರುತ್ತಲೇ ಇತ್ತು. ನಮ್ಮದೇ ಮಿಷನ್‌ಗಳ ಕೆಳಗೆ ಬಿದ್ದ ಚೂರುಗಳನ್ನು ಗುಡಿಸಿ ಚರಂಡಿಗೆ ತಳ್ಳಿದ್ದೆವು. ಅವು ಕೂದಲು, ಪ್ಲಾಸ್ಟಿಕ್ ಸುತ್ತಿಕೊಂಡು ಗಂಟಾಗಿದ್ದವು. ನಾನೂ ಹಾಗೆ ತಳ್ಳಿದವಳೇ. ಅವತ್ತು ಅದನ್ನು ಎಲ್ಲರ ಮುಂದೆ ಹೇಳಿದೆ. ಈಗ ಓಣಿಯ 11 ಮಿಷನ್‌ಗೂ ಒಂದೊಂದು ಗೋಣಿಚೀಲ ಕಟ್ಟಿದ್ದೇವೆ, ತುಂಬಿದ ಮೇಲೆ ಚಿಂದಿ ವ್ಯಾಪಾರಿ ಒಯ್ಯುತ್ತಾನೆ. ನಿಮ್ಮ ಓಣಿಯಲ್ಲೂ ಚರಂಡಿಗೆ ಬೀಳುವುದರಲ್ಲಿ ಮನೆಯವರ ಪಾಲು ಏನು ಅಂತ ಮೊದಲು ನೋಡಿ. ನಾಳೆ ಆಫೀಸಿನಲ್ಲಿ ಕೂತು ಕೇಳುವಾಗ ದನಿ ಗಟ್ಟಿಯಾಗಿರುತ್ತದೆ.

ಪುಸ್ತಕ

ಇದೇ ಮುಖ್ಯ. 200 ಪುಟದ ನೋಟ್‌ಬುಕ್ ತನ್ನಿ. ಪ್ರತಿ ಸಲ ನೀರು ಬಂದಾಗ ಬರೆಯಿರಿ: ತಾರೀಖು, ಬಂದ ಟೈಮು, ನಿಂತ ಟೈಮು, ಮೊದಲ ಹತ್ತು ನಿಮಿಷ ನೀರಿನ ಬಣ್ಣ ಮತ್ತು ವಾಸನೆ, ಒಂದು ಕೊಡ ತುಂಬಲು ಹಿಡಿದ ಸೆಕೆಂಡು. ಎಲ್ಲ ಮನೆಗೂ ಅದೇ ಕೊಡ ಒಯ್ಯಬೇಕು, ಬೇರೆ ಬೇರೆ ಕೊಡ ಆದರೆ ಲೆಕ್ಕ ತಪ್ಪುತ್ತದೆ. ಟೈಮು ಮೊಬೈಲ್‌ನಲ್ಲಿ ನೋಡಿ.

ಆರನೇ ಸಲ ಬರೆಯುವ ಹೊತ್ತಿಗೆ ನಮಗೆ ಒಂದು ವಿಷಯ ಕಂಡಿತು. 1ನೇ ಮನೆಯಿಂದ 17ನೇ ಮನೆವರೆಗೆ ಕೊಡ ತುಂಬಲು 40ರಿಂದ 45 ಸೆಕೆಂಡು. 18ನೇ ಮನೆಯಲ್ಲಿ 70. ಕೊನೆಯಲ್ಲಿ ಅಜ್ಜಿಯ ಮನೆಯಲ್ಲಿ ಎರಡು ನಿಮಿಷ ದಾಟುತ್ತಿತ್ತು. ನೀರಿನ ರಭಸ ನಿಧಾನಕ್ಕೆ ಕಡಿಮೆಯಾದರೆ ದೂರದ ಕಾರಣ ಅನ್ನಬಹುದು. ಒಂದೇ ಕಡೆ ಇದ್ದಕ್ಕಿದ್ದಂತೆ ಇಳಿದರೆ ಅಲ್ಲಿ ಏನೋ ಇದೆ. ಮುಂದಿನ ಸಲ ರಾತ್ರಿ ಎರಡೂವರೆಗೆ ನೀರು ಬಂತು. ನಾನು, ಆಪಾ, 18ನೇ ಮನೆಯ ಅಣ್ಣ ಟಾರ್ಚ್ ಹಿಡಿದು ಚರಂಡಿ ಪಕ್ಕ ಬಗ್ಗಿ ನೋಡಿದೆವು. ಕಪ್ಪು ನೀರಿನ ನಡುವೆ ಒಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ ತಿಳಿ ನೀರು ಗುಳುಗುಳು ಉಕ್ಕುತ್ತಿತ್ತು. ಪೈಪ್ ಅಲ್ಲಿ ಒಡೆದಿತ್ತು.

ನೀರು ಪೋಲಾಗುವುದಕ್ಕಿಂತ ಹೆಚ್ಚಿನ ಅಪಾಯ ಅದರಲ್ಲಿತ್ತು. ನೀರು ನಿಂತ ಮೇಲೆ ಪೈಪ್ ಖಾಲಿಯಾಗುತ್ತದೆ. ಆಗ ಒಡೆದ ಜಾಗದಿಂದ ಚರಂಡಿ ನೀರು ಒಳಗೆ ಸೇರುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಮೊದಲು ಮನೆಗೆ ಬರುವುದು ಅದೇ. ಪುಸ್ತಕದಲ್ಲಿ 18ರಿಂದ ಆಚೆಯ ಮನೆಗಳಿಗೆ "ಮೊದಲು ವಾಸನೆ" ಅಂತ ಬರೆದಿದ್ದೆವು, ಅರ್ಥ ಆಗಿರಲಿಲ್ಲ ಅಷ್ಟೇ. ಅಂಥ ಕಡೆ ಮೊದಲ ನೀರನ್ನು ಬಳಸಬೇಡಿ, ಆಮೇಲಿನದನ್ನೂ ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಪರೀಕ್ಷೆಗೆ ಎಚ್‌ಟುಎಸ್ ಬಾಟಲಿ ಅಂತ ಸಿಗುತ್ತದೆ. ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಆ ನೀರಿನಲ್ಲಿ ಹೊಲಸು ಸೇರಿದೆ ಅಂತ ಅನುಮಾನ ಪಡಲೇಬೇಕು. ನಳದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ಅಳೆದು ತೋರಿಸಿ ಅಂತ ನೀವು ಕೇಳಬಹುದು.

ಆಫೀಸಿಗೆ ಹೋಗುವಾಗ

ಈ ಮೊದಲು ನಾನು ಒಂದು ಆಫೀಸಿಗೆ ಮೂರು ಸಲ ಹೋಗಿ ಬಾಯಿಮಾತಲ್ಲಿ ಹೇಳಿ ಬಂದಿದ್ದೆ. ಪ್ರತಿ ಸಲ "ನೋಡ್ತೀವಮ್ಮ" ಅಂದರು. ಮೂರು ದಿನದ ಕೂಲಿ ಹೋಯಿತು, ನಾನು ಬಂದಿದ್ದಕ್ಕೇ ಗುರುತಿರಲಿಲ್ಲ. ಈ ಸಲ ಬೇರೆ ಥರ ಹೋದೆವು.

ಅರ್ಜಿ ಒಂದೇ ಪುಟ, ವಿಷಯ ಒಂದೇ. ಒಡೆದ ಜಾಗದ ಫೋಟೊ, ಪುಸ್ತಕದ ಎರಡು ಪುಟದ ಜೆರಾಕ್ಸ್, 43 ಮನೆಯ ಸಹಿ ಅಥವಾ ಹೆಬ್ಬೆಟ್ಟು. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ತಾರೀಖಿನ ಸೀಲು ಹಾಕಿಸಿಕೊಳ್ಳಿ. ಸೀಲು ಬೀಳದೆ ಅಲ್ಲಿಂದ ಏಳಬೇಡಿ. ಗುಂಪು ಕಟ್ಟಿಕೊಂಡು ಹೋಗಬೇಡಿ, ಐದು ಜನ ಸಾಕು, ಅದರಲ್ಲಿ ಇಬ್ಬರು ವಯಸ್ಸಾದವರಿರಲಿ. ದನಿ ಏರಿಸಬೇಡಿ. ನಮ್ಮ ಅರ್ಜಿ ನೋಡಿದ ಎಂಜಿನಿಯರ್ ಪುಸ್ತಕದ ಪುಟವನ್ನೇ ಎರಡು ಸಲ ಓದಿದರು. ಎಲ್ಲಿ ಅಗೆಯಬೇಕು ಅಂತ ಅದರಲ್ಲೇ ಇತ್ತಲ್ವಾ. 22ನೇ ದಿನ ಪೈಪ್ ಬದಲಾಯಿತು.

ಎಲ್ಲ ಸಲ ಹೀಗೇ ಆಗಲ್ಲ. 15 ದಿನ ಕಾದು, ಸೀಲಿನ ಪ್ರತಿ ಹಿಡಿದು ಮತ್ತೆ ಹೋಗಿ. ಸರ್ಕಾರದ 1902 ನಂಬರಿಗೆ ಫೋನ್ ಮಾಡಿಯೂ ದೂರು ದಾಖಲಿಸಬಹುದು, ಅವರು ಕೊಡುವ ನಂಬರನ್ನು ಪುಸ್ತಕದಲ್ಲಿ ಬರೆದಿಡಿ. ಆಮೇಲೂ ಏನೂ ಆಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ. "ಇಂಥ ತಾರೀಖಿನ ನಮ್ಮ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ ಕೊಡಿ" ಅಂತ ಕೇಳಿ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮುಂದಿನ 30 ದಿನದೊಳಗೆ ಮೇಲ್ಮನವಿ ಹಾಕಿ.

ಬಳ್ಳಾರಿಯವರಿಗೆ ಒಂದು ಮಾತು. ಮೂರು ಲಕ್ಷ ಅಥವಾ ಹೆಚ್ಚು ಜನರಿರುವ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದಲ್ಲೇ ಇದೆ. 2011ರ ಜನಗಣತಿಯಲ್ಲೇ ನಮ್ಮ ಊರು ನಾಲ್ಕು ಲಕ್ಷ ದಾಟಿತ್ತು. ಸಮಿತಿ ಯಾವಾಗ ಸೇರುತ್ತದೆ, ನಮ್ಮ ವಿಷಯ ತೆಗೆದುಕೊಳ್ಳುತ್ತೀರಾ ಅಂತ ನಿಮ್ಮ ಕಾರ್ಪೊರೇಟರ್ ಅವರನ್ನು ಬರವಣಿಗೆಯಲ್ಲೇ ಕೇಳಿ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲ ಮೂರು ತಿಂಗಳು ಯಾರ ಹತ್ತಿರವೂ ಚಂದಾ ಎತ್ತಬೇಡಿ. ಜೆರಾಕ್ಸ್ ಖರ್ಚನ್ನು ಪಾಳಿ ಪ್ರಕಾರ ಒಬ್ಬೊಬ್ಬರು ಕೊಡಲಿ. ಸಂಘ ನೋಂದಣಿ ಮಾಡಲು ಏಳು ಜನ ಸಾಕು, ಆದರೆ ಬ್ಯಾಂಕ್ ಖಾತೆ ಬೇಕಾಗುವವರೆಗೆ ಅವಸರ ಇಲ್ಲ. ಮೀಟಿಂಗ್ ಯಾರದೋ ಮನೆಯ ಕಟ್ಟೆ ಮೇಲೆ ಇರಲಿ, ರಾತ್ರಿ ಎಂಟಕ್ಕೆ, 40 ನಿಮಿಷ ಮೀರದಂತೆ. ಹೊಲಿಯುವ ಹೆಂಗಸರಿಗೆ ಒಂದು ಗಂಟೆ ಅಂದರೆ ಅಷ್ಟು ಪೀಸು ಕಡಿಮೆ. ಚುನಾವಣೆ ಬಂದಾಗ ಯಾವ ಪಕ್ಷದ ಶಾಲೂ ಆ ಕಟ್ಟೆಗೆ ಬರಬಾರದು. ಇದರಲ್ಲಿ ನಾನು ಯಾರ ಮಾತೂ ಕೇಳಿಲ್ಲ.

ಹೋದ ವರ್ಷ ನನಗೆ ಬೆನ್ನುನೋವು ಬಂದು ಎರಡು ತಿಂಗಳು ಎದ್ದು ಓಡಾಡಲು ಆಗಲಿಲ್ಲ. ಪುಸ್ತಕ ನಿಂತೇ ಹೋಗುತ್ತದೆ ಅಂತ ಮಲಗಿದಲ್ಲೇ ಚಿಂತೆ. ಅದಕ್ಕೇ ಹೇಳುತ್ತೇನೆ, ಬರೆಯುವುದನ್ನು ಮೊದಲ ದಿನದಿಂದಲೇ ಇಬ್ಬರಿಗೆ ಕಲಿಸಿ. ನಮ್ಮಲ್ಲಿ 31ನೇ ಮನೆಯ ಹುಡುಗಿ, ಎಸ್ಸೆಸ್ಸೆಲ್ಸಿ ಓದುತ್ತಿದ್ದವಳು, ತಾನಾಗಿಯೇ ಕೊಡ, ಮೊಬೈಲ್ ಹಿಡಿದು ಮನೆಮನೆ ತಿರುಗಿದ್ದಳು. ನಾನು ಎದ್ದ ಮೇಲೆ ಪುಸ್ತಕ ತಂದು ತೋರಿಸಿದಳು. ಒಂದು ಸಲವೂ ತಪ್ಪಿಸಿರಲಿಲ್ಲ. ನಾನು ಹಾಕದ ಒಂದು ಕಾಲಂ ಬೇರೆ ಸೇರಿಸಿದ್ದಳು: "ಯಾರು ನೀರು ಹಿಡಿಯಲು ಆಗಲಿಲ್ಲ, ಯಾಕೆ". ಅದರಲ್ಲಿ ಅಜ್ಜಿಯ ಮನೆ ಮುಂದೆ, "ಜ್ವರ. ನಾನು ನಾಲ್ಕು ಕೊಡ ತುಂಬಿಕೊಟ್ಟೆ" ಅಂತ ಇತ್ತು.