ಗಂಡ ಹೆಂಡತಿ ಜಂಟಿ ಆಸ್ತಿ: 1893ರ ಕಾಯ್ದೆ ಹಿಡಿದು ಗೆದ್ದ ನನ್ನ ಅನುಭವ

ಕುಟುಂಬ ನ್ಯಾಯಾಲಯಕ್ಕೆ, ಜಂಟಿ ಆಸ್ತಿ ಭಾಗ ಮಾಡುವಾಗ ಬಳಸುವ 1893ರ ಪಾರ್ಟಿಷನ್ ಆ್ಯಕ್ಟ್ ಹಿಡಿದುಕೊಂಡು ಹೋಗುತ್ತೇನೆ ಅಂದಾಗ ಕಾಸರಗೋಡಿನ ನಮ್ಮ ವಕೀಲರ ಬಳಗದಲ್ಲಿ ನಕ್ಕವರೇ ಜಾಸ್ತಿ. "ಅದೆಲ್ಲ ಸಬ್ ಕೋರ್ಟಿನ ವಿಷಯ ಮಾರಾಯ್ರೆ, ನೀವು ಮೊದಲು ಡೈವೋರ್ಸ್ ಮುಗಿಸಿ" ಎಂದರು ಹಿರಿಯರೊಬ್ಬರು. ಈಗ ಅವರದೇ ಆಫೀಸಿನ ಜೂನಿಯರ್ ಬಂದು ನನ್ನ ಅರ್ಜಿಯ ನಕಲು ಕೇಳಿಕೊಂಡು ಹೋಗಿದ್ದಾನೆ. ಕೊಟ್ಟಿದ್ದೇನೆ, ಎರಡು ಪುಟ ಬಿಟ್ಟು.

ಆಸ್ತಿ ಎಣ್ಮಕಜೆ ಕಡೆಯದು. ಮನೆ, ಸುಮಾರು ಎಪ್ಪತ್ತು ಸೆಂಟ್ಸ್ ಅಡಿಕೆ ತೋಟ. ಮದುವೆಯಾಗಿ ಐದಾರು ವರ್ಷದ ಮೇಲೆ ಇಬ್ಬರ ಹೆಸರಲ್ಲೂ ಕೊಂಡದ್ದು. ಗಂಡ ಗಲ್ಫಿನಲ್ಲಿ, ಹೆಂಡತಿ ಕನ್ನಡ ಶಾಲೆಯಲ್ಲಿ ಟೀಚರ್. ನನ್ನ ಕಕ್ಷಿದಾರರು ಟೀಚರ್. ಕ್ರಯಪತ್ರದಲ್ಲಿ ಯಾರ ಪಾಲು ಎಷ್ಟು ಎಂದು ಬರೆದಿರಲಿಲ್ಲ.

ಇಂಥ ಆಸ್ತಿಗೆ ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ (ಮದುವೆಯ ಹೊತ್ತಿಗೆ ಕೊಟ್ಟ, ಇಬ್ಬರಿಗೂ ಸೇರಿದ ಆಸ್ತಿಯ ಕುರಿತದ್ದು) ಸಾಲದು ಎಂಬುದನ್ನು ಹಿಂದಿನ ಒಂದು ಕೇಸಿನಲ್ಲಿ ನೋಡಿದ್ದೆ. 1997ರ ಕದಂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಕಲಂ ಅನ್ನು ಸ್ವಲ್ಪ ಅಗಲ ಮಾಡಿದೆ, ನಿಜ. ಮದುವೆಗೆ ಮೊದಲು ಅಥವಾ ಆಮೇಲೆ ಕೊಟ್ಟದ್ದೂ ಅದರೊಳಗೆ ಬರುತ್ತದೆ. ಆದರೆ ಅದಕ್ಕೆ ಮದುವೆಯ ಸಂಬಂಧ ಇರಬೇಕು. ಸಾಲ ಮಾಡಿ ಕೊಂಡ ಜಾಗಕ್ಕೆ ಅದು ಎಲ್ಲಿಂದ ಬರಬೇಕು? ಆ ಕೇಸಿನ ಅರ್ಜಿ ಬಿದ್ದುಹೋಯಿತು. ಇನ್ನೊಂದು ಕೇಸಿನಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ವಾಸದ ಆದೇಶ ಸಿಕ್ಕಿತು. ತಲೆ ಮೇಲೆ ಸೂರು ಉಳಿಯಿತು, ಜಾಗದಲ್ಲಿ ಒಂದು ಸೆಂಟೂ ಕೈಗೆ ಬರಲಿಲ್ಲ.

ಹಾಗಾಗಿ ಈ ಸಲ ಕುಟುಂಬ ನ್ಯಾಯಾಲಯ ಕಾಯ್ದೆಯ 7ನೇ ಕಲಮಿನ ವಿವರಣೆ (ಸಿ) ಹಿಡಿದೆ. ದಂಪತಿಗಳ ಆಸ್ತಿ ವ್ಯಾಜ್ಯ ಅಲ್ಲೇ ನಡೆಯಬೇಕು, ಅಲ್ವಾ? ಹಾಗಿದ್ದರೆ ಸಿವಿಲ್ ಕೋರ್ಟಿಗಿರುವ ಅಧಿಕಾರವೂ ಅಲ್ಲಿರಬೇಕು. ಇದೇ ನನ್ನ ವಾದ.

ಮೊದಲ ಜಗಳ ದುಡ್ಡಿನದು. "ಹೆಂಡತಿಯ ಹೆಸರು ಸುಮ್ನೆ ಹಾಕಿಸಿದ್ದು, ದುಡ್ಡೆಲ್ಲ ನನ್ನದು" ಎಂದರು ಗಂಡ. ಬೇನಾಮಿ ಕಾಯ್ದೆ ತೋರಿಸಿ ಇಂಥವರ ಬಾಯಿ ಮುಚ್ಚಿಸಬಹುದು ಎಂದುಕೊಂಡವರು 2016ರ ತಿದ್ದುಪಡಿ ಓದಲಿ. ಗೊತ್ತಿರುವ ಮೂಲದ ದುಡ್ಡಲ್ಲಿ ಗಂಡ ಹೆಂಡತಿ ಹೆಸರಿಗೆ ಕೊಂಡರೆ ಅದಕ್ಕೆ ವಿನಾಯಿತಿ ಇದೆ. ನಾನು ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮಿಗೇ ಅಂಟಿಕೊಂಡೆ. ಹಾಕಿದ ದುಡ್ಡಿನಷ್ಟು ಪಾಲು, ಲೆಕ್ಕ ಸಿಗದಿದ್ದರೆ ಸಮಪಾಲು. ಟೀಚರ ಸಂಬಳದ ಪಾಸ್‌ಬುಕ್ಕಿನಿಂದ ಸಾಲದ ಕಂತು ಹೋದದ್ದನ್ನು ಸಾಲುಸಾಲಾಗಿ ತೋರಿಸಿದೆ. ಮೂವತ್ತು ಪವನಿನ ಹತ್ತಿರ ಚಿನ್ನ ಮಾರಿದ ರಶೀದಿಯೂ ಅಮ್ಮನ ಮನೆಯಲ್ಲಿ ಸಿಕ್ಕಿತು. ಅರ್ಧ ಪಾಲು ಗಟ್ಟಿಯಾಯಿತು.

ಅರ್ಧ ಅಂದರೆ ಯಾವ ಅರ್ಧ? ತೋಟಕ್ಕೆ ನೀರು ಬರುವುದು ನೀರಿಗಾಗಿ ಮೇಲಿನ ಗುಡ್ಡಕ್ಕೆ ಅಡ್ಡ ಕೊರೆದ ಒಂದು ಸುರಂಗದಿಂದ. ಅದರ ಬಾಯಿ ಇರುವುದು ಮೇಲಿನ ತುಂಡಿನಲ್ಲಿ. ಕೇಸು ನಡೆಯುವಾಗ ನೀರನ್ನು ಪಾಳಿ ಹಾಕಿ ಹಂಚಿ ನೋಡಿದೆವು. ವಾರದಲ್ಲಿ ನಾಲ್ಕು ದಿನ ಮೇಲಕ್ಕೆ, ಮೂರು ದಿನ ಕೆಳಕ್ಕೆ. ವಿಷು ಹೊತ್ತಿಗೆ ನೀರು ಸಪೂರವಾಯಿತು, ಕೆಳಗಿನ ಗಿಡ ಬಾಡಿತು. ಪ್ರಯೋಗ ಸೋತಿತು, ಕೇಸು ಬಲವಾಯಿತು. ಭಾಗ ಮಾಡಿದರೆ ಒಂದು ತುಂಡು ಒಣಗುತ್ತದೆ ಎಂದು ಜಾಗ ನೋಡಲು ಕೋರ್ಟು ನೇಮಿಸಿದ ಕಮಿಷನರ್ ವರದಿಯಲ್ಲೇ ಬಂತು.

ಆಗ ಗಂಡನ ಕಡೆಯವರು ಪಾರ್ಟಿಷನ್ ಆ್ಯಕ್ಟಿನ 2ನೇ ಕಲಮಿನಡಿ "ಮಾರಿ, ದುಡ್ಡು ಹಂಚಿ" ಎಂದು ಅರ್ಜಿ ಹಾಕಿದರು. ನಾನು ಕಾಯುತ್ತಿದ್ದುದು ಇದಕ್ಕೇ. ಅರ್ಧ ಪಾಲಿನವರು ಮಾರಾಟ ಕೇಳಿದರೆ, 3ನೇ ಕಲಮಿನಂತೆ ಇನ್ನೊಬ್ಬ ಪಾಲುದಾರರು ಕೋರ್ಟು ಕಟ್ಟಿದ ಬೆಲೆಗೆ ಆ ಪಾಲನ್ನು ತಾವೇ ಕೊಳ್ಳಬಹುದು. ಮರುದಿನವೇ ಟೀಚರ ಅರ್ಜಿ ಹೋಯಿತು. ಗಂಡನ ಕಡೆಯವರು ಹಿಂದೆ ಸರಿಯಲು ನೋಡಿದರು. ಇನ್ನೊಬ್ಬರು ಕೊಳ್ಳುತ್ತೇವೆ ಎಂದ ಮೇಲೆ ಹಾಗೆ ಹಿಂದೆ ಸರಿಯಲಾಗದು ಎಂದ ಸುಪ್ರೀಂ ಕೋರ್ಟಿನ 1972ರ ರಾಮಮೂರ್ತಿ ಅಯ್ಯರ್ ತೀರ್ಪು ಮುಂದಿಟ್ಟೆ. ಅವರು ತಾವಾಗಿಯೇ ಮಾರಾಟ ಕೇಳುವ ಹಾಗೆ ಆದದ್ದು ಹೇಗೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಬೆಲೆ ಕಟ್ಟುವಾಗ ಅವರು ಅರುವತ್ತು ಲಕ್ಷದ ಮೇಲೆ ಹೇಳಿದರು. ಕುಮ್ಕಿಯಲ್ಲಿ, ಅಂದರೆ ತೋಟಕ್ಕೆ ತಾಗಿದ ಸರ್ಕಾರಿ ಜಾಗದಲ್ಲಿ, ಇದ್ದ ಅಡಿಕೆ ಮರಗಳೂ ಆ ಲೆಕ್ಕದಲ್ಲಿದ್ದವು. ಕುಮ್ಕಿ ಸರ್ಕಾರದ್ದು, ಅದಕ್ಕೆಲ್ಲಿಯ ಪಾಲು? ಅದು ಹೋಯಿತು. ಕೊನೆಗೆ ನಲವತ್ತೆರಡರ ಆಸುಪಾಸಿಗೆ ಬಂತು. ಬಾಕಿ ಸಾಲ ಎಂಟು ಕಳೆದು, ಅರ್ಧ ಹದಿನೇಳು. ಇಷ್ಟಾದ ಮೇಲೆ ಗಂಡನೇ ರಾಜಿಗೆ ಬಂದರು.

ಇಲ್ಲಿ ಒಂದು ಕಿವಿಮಾತು. ಒಬ್ಬರು ತಮ್ಮ ಪಾಲನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಹಕ್ಕುಬಿಡುಗಡೆ ಪತ್ರವನ್ನು ಡೈವೋರ್ಸ್ ಡಿಕ್ರಿಗೆ ಮೊದಲೇ ರಿಜಿಸ್ಟರ್ ಮಾಡಿಸಿ. ಗಂಡ ಹೆಂಡತಿ ಆಗಿರುವವರೆಗೆ ಕುಟುಂಬದ ಒಳಗಿನ ರಿಯಾಯಿತಿ ಮುದ್ರಾಶುಲ್ಕ. ಆಮೇಲೆ ಹೊರಗಿನವರು. ಕೇರಳದಲ್ಲಿ ಕ್ರಯಕ್ಕೆ 8 ಶೇಕಡಾ ಮುದ್ರಾಶುಲ್ಕ, ಮೇಲೆ 2 ಶೇಕಡಾ ನೋಂದಣಿ ಶುಲ್ಕ. ಹದಿನೇಳು ಲಕ್ಷಕ್ಕೆ ಲೆಕ್ಕ ಹಾಕಿ ನೋಡಿ.

ಬ್ಯಾಂಕಿನದು ಬೇರೆ ಕತೆ. ರಾಜಿ ಡಿಕ್ರಿ ತೋರಿಸಿದರೂ ಗಂಡನ ಹೆಸರನ್ನು ಸಾಲದಿಂದ ತೆಗೆಯಲು ಒಪ್ಪಲಿಲ್ಲ. ತಪ್ಪೇನಲ್ಲ, ಬ್ಯಾಂಕು ಆ ಕೇಸಿನಲ್ಲಿ ಕಕ್ಷಿಯೇ ಅಲ್ಲ. ಟೀಚರ್ ಒಬ್ಬರ ಹೆಸರಲ್ಲೇ ಬೇರೆ ಕಡೆ ಇಪ್ಪತ್ತೈದು ಲಕ್ಷದ ಹೊಸ ಸಾಲ ಎತ್ತಿ, ಹಳೆಯದನ್ನು ಮುಚ್ಚಿ, ಗಂಡನಿಗೆ ಡಿಡಿ ಕೊಟ್ಟೆವು. ಕಮಿಷನರ್, ಸರ್ವೆ, ಹಳೆಯ ಕನ್ನಡ ದಾಖಲೆಗಳ ಅನುವಾದ ಎಲ್ಲ ಸೇರಿ ಎಂಬತ್ತು ಸಾವಿರದ ಹತ್ತಿರ ಹೋಗಿರಬೇಕು. ನನ್ನ ಫೀಸು ಅದರಲ್ಲಿ ಸೇರಿಲ್ಲ.